ವಿಕ್ತರನ ನೇಟಿವ್

ಗಲ್ಫಿನಲ್ಲಿ ಪರ್ಸನೆಲ್ ಆಫೀಸಿನ ಕುರ್ಚಿಯಲ್ಲಿ ಕೂರುವವರಿಗೆ ಮೊದಲು ಬೇಕಾದದ್ದು ಅನುಮಾನ. ಇಂಗ್ಲಿಷು, ಟೈಪಿಂಗು, ಅರಬ್ಬಿಯ ನಾಲ್ಕು ಮಾತು ಎಲ್ಲ ಆಮೇಲೆ ತಾವಾಗಿಯೇ ಬರುತ್ತವೆ. ನನ್ನ ತಂಗಿಯ ಮಗಳು ಈಗ ದೋಹಾದಲ್ಲಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಈಗ ಇದಕ್ಕೆ ಎಚ್.ಆರ್. ಎನ್ನುತ್ತಾರಂತೆ. "ಜನರನ್ನು ನಂಬಬೇಕು ಅಂತ ಟ್ರೇನಿಂಗಲ್ಲಿ ಹೇಳಿಕೊಟ್ಟಿದ್ದಾರೆ" ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು. ನಂಬು ಮಗಳೇ, ಧಾರಾಳವಾಗಿ ನಂಬು, ಆದರೆ ಅದಕ್ಕೂ ಮೊದಲು ಪಾಸ್‌ಪೋರ್ಟು ತೆಗೆದು ನೋಡು ಎಂದೆ. ಅವಳು ನಕ್ಕಳು. ನಗುವವರಿಗೆ ಹೇಳಬೇಕಾದದ್ದು ಇನ್ನೂ ಇದೆ ಎಂದು ಬರೆಯಲು ಕೂತಿದ್ದೇನೆ.

ನಾನು ಬಂಟ್ವಾಳದ ಕಡೆಯವನು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು, ಕೊನೆಗೆ ಸಂಬಳಕ್ಕಾಗಿ ಇಂಗ್ಲಿಷಿನಲ್ಲಿ ರಜೆ ಮಂಜೂರು ಮಾಡಿದವನು. ನಮ್ಮದು ಪೈಪು ಹಾಕುವ, ಕ್ರೇನು ಬಾಡಿಗೆಗೆ ಕೊಡುವ ಕಂಪನಿ. ಆಫೀಸು ದೋಹಾದ ಅಲ್ ಮುಂತಜಾದಲ್ಲಿ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿತ್ತು. ಕೆಳಗೆ ದರ್ಜಿಯ ಅಂಗಡಿ, ಪಕ್ಕದಲ್ಲಿ ಮಲಯಾಳಿಯ ಚಹಾ. ನನ್ನ ಎದುರಿನ ಮೇಜು ಅಕೌಂಟ್ಸಿನ ಶ್ರೀಕಂಠನದು. ಒಳಗಿನ ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ ಅಬು ಸಾಮಿ ನಮ್ಮ ಮ್ಯಾನೇಜರು. ಪ್ಯಾಲೆಸ್ತೀನಿನವರು, ಜೋರ್ಡಾನಿನ ಪಾಸ್‌ಪೋರ್ಟು, ಮಾತು ಕಡಿಮೆ, ಸಿಗರೇಟು ಜಾಸ್ತಿ.

ಅನುಮಾನವನ್ನು ನಾನು ಹೊಟ್ಟೆಯಿಂದ ತಂದವನಲ್ಲ, ಕೆಲಸ ಕಲಿಸಿತು. ಒಬ್ಬ ಮೇಸ್ತ್ರಿ ತಂದೆ ತೀರಿಕೊಂಡರೆಂದು ಟೆಲಿಗ್ರಾಂ ಹಿಡಿದು ಅಳುತ್ತ ಬಂದ. ನನ್ನ ಕಣ್ಣಲ್ಲೂ ನೀರು ಬಂತು, ರಜೆ ಕೊಟ್ಟೆ. ಮರುವರ್ಷ ಮತ್ತೆ ಅದೇ ಟೆಲಿಗ್ರಾಂ, ಅದೇ ಅಳು. "ಹೋದ ವರ್ಷ ತೀರಿಹೋದದ್ದು ಯಾರು ಮಾರಾಯ?" ಎಂದು ಕೇಳಿದರೆ, "ಅದು ಚಿಕ್ಕಪ್ಪ ಸಾರ್, ಅವರೂ ತಂದೆ ಸಮಾನ" ಎಂದ. ಇನ್ನೊಬ್ಬ ಬಡಗಿ ಮೊದಲ ರಜೆಗೆ ಮಂಗಳೂರಿನ ಟಿಕೆಟು ತೆಗೆದುಕೊಂಡ, ಎರಡನೆಯದಕ್ಕೆ ಬೊಂಬಾಯಿ ನನ್ನ ಊರು ಎಂದ, ಮೂರನೆಯದಕ್ಕೆ ದಿಲ್ಲಿ ಎಂದ. ವಿಚಾರಿಸಿದರೆ ಕಂಪನಿಯ ಖರ್ಚಿನಲ್ಲಿ ಹೆಂಡತಿಯನ್ನು ಕರೆಸಿಕೊಂಡು ತಾಜಮಹಲ್ ನೋಡುವ ಯೋಜನೆ. ಆವತ್ತೇ ಅಬು ಸಾಮಿ ನಿಯಮ ಮಾಡಿದರು. ಕೆಲಸಕ್ಕೆ ಸೇರುವಾಗ 'ನೇಟಿವ್ ಪ್ಲೇಸ್' ಎಂಬ ಕಾಲಮ್ಮಿನಲ್ಲಿ ಏನು ಬರೆಯುತ್ತಾರೋ ಅದೇ ಕೊನೆಯವರೆಗೆ. ರಜೆಯ ಟಿಕೆಟು ಅಲ್ಲಿಗೇ, ಕೆಲಸ ಬಿಟ್ಟು ಹೋಗುವಾಗಿನ ಟಿಕೆಟೂ ಅಲ್ಲಿಗೇ. ಆ ಕಾಲಮ್ಮು ನನಗಿಂತ ಮೊದಲಿದ್ದ ಮಲಯಾಳಿ ಗುಮಾಸ್ತ ಮಾಡಿದ್ದು. ನಾವೂ ಪ್ರಶ್ನೆ ಕೇಳಲಿಲ್ಲ. ಭೂಮಿಯ ಮೇಲೆ ಹುಟ್ಟಿದ ಮನುಷ್ಯನಿಗೆ ಒಂದು ನೇಟಿವ್ ಇದ್ದೇ ಇರುತ್ತದೆ ಎಂಬುದು ನಮ್ಮ ಲೆಕ್ಕ.

ಆಗ ತೊಂಬತ್ತರ ದಶಕ ಶುರುವಾಗಿತ್ತಷ್ಟೆ. ಸೋವಿಯತ್ ದೇಶ ಒಡೆದುಹೋದ ಸುದ್ದಿ ರೇಡಿಯೋದಲ್ಲಿ ಕೇಳಿ ನಾವು ಮರೆತೂ ಆಗಿತ್ತು. ಒಂದು ದಿನ ಯಾರೋ ಏಜೆಂಟನ ಮೂಲಕ ಅಲ್ಲಿಯ ವೆಲ್ಡರುಗಳು, ಕ್ರೇನ್ ಮೆಕ್ಯಾನಿಕ್ಕುಗಳು ನಮ್ಮಲ್ಲಿಗೇ ಬಂದಿಳಿದರು. ಕೆಂಪು ಮುಖ, ದಪ್ಪ ಕೋಟು, ಕೈಯಲ್ಲಿ ಇಲ್ಲದ ದೇಶದ ಪಾಸ್‌ಪೋರ್ಟು. ನಾವು ಎಲ್ಲರನ್ನೂ 'ರಷ್ಯಾದವರು' ಎಂದು ಒಂದೇ ಚೀಲಕ್ಕೆ ತುಂಬಿದೆವು. ಅವರಲ್ಲಿ ಒಬ್ಬ ಮಾತ್ರ ತಲೆಯಾಡಿಸಿದ. "ನಾನು ರಷ್ಯಾ ಅಲ್ಲ. ನಾನು ಜರ್ಮನ್" ಎಂದ. ಅವನೇ ವಿಕ್ತರ್, ಕ್ರೇನ್ ಮೆಕ್ಯಾನಿಕ್ಕು. ಅವನ ಇಂಗ್ಲಿಷು ತುಂಡು ತುಂಡು, ಮಧ್ಯೆ ಮಧ್ಯೆ ಇಲ್ಲಿ ಬಂದು ಹೆಕ್ಕಿಕೊಂಡ ಅರಬ್ಬಿ, ಇಲ್ಲ ಎನ್ನಬೇಕಾದಲ್ಲೆಲ್ಲ 'ಮಾಫಿ'. ಅದನ್ನು ಕನ್ನಡಕ್ಕೆ ಹಾಕಿಯೇ ಹೇಳುತ್ತೇನೆ.

"ಜರ್ಮನಿಯಲ್ಲಿ ಎಲ್ಲಿ?" ಎಂದೆ.

"ಜರ್ಮನಿ ಮಾಫಿ. ನೋಡಿಯೇ ಇಲ್ಲ. ಮನೆ ಕರಗಂದ. ಕಝಾಕಿಸ್ತಾನ."

"ಬೆಂಗಳೂರಿನ ಕರಗ ಗೊತ್ತು, ಇದ್ಯಾವುದ್ರೀ ಕರಗಂದ?" ಎಂದು ಶ್ರೀಕಂಠ ನಕ್ಕ. ನನಗೆ ನಗು ಬರಲಿಲ್ಲ. ಕಝಾಕಿಸ್ತಾನದಲ್ಲಿ ಮನೆ, ರಷ್ಯನ್ ಮಾತು, ಸೋವಿಯತ್ ಪಾಸ್‌ಪೋರ್ಟು, ಆದರೆ ಜಾತಿಯಲ್ಲಿ ಜರ್ಮನ್! ಕುಂಬಳಕಾಯಿ ಕದ್ದವನು ಕೂಡ ಇಷ್ಟು ಹೆಗಲು ಮುಟ್ಟಿ ನೋಡಿಕೊಳ್ಳುವುದಿಲ್ಲ. ಅದೇ ವಾರ ಸೈಟಿಗೆ ಬಂದಿದ್ದ ನಿಜವಾದ ಜರ್ಮನ್ ಎಂಜಿನಿಯರನೊಬ್ಬ ಇವನೊಂದಿಗೆ ಜರ್ಮನಿನಲ್ಲಿ ಮಾತಾಡಿದ್ದಕ್ಕೆ ಇವನು ಪಿಳಿಪಿಳಿ ಕಣ್ಣುಬಿಟ್ಟನಂತೆ. ನನ್ನ ಅನುಮಾನಕ್ಕೆ ಅಷ್ಟು ಸಾಕಾಯಿತು.

ಕಾಲಮ್ಮುಗಳನ್ನು ತುಂಬಿಸುವಾಗ ಅವನು 'ನೇಟಿವ್' ಎಂಬಲ್ಲಿ ಪೆನ್ನು ನಿಲ್ಲಿಸಿದ. "ಇದು ಏನು?" ಎಂದು ಕೇಳಿದ. ನಾನು ಫೋನಿನಲ್ಲಿದ್ದೆ. ಶ್ರೀಕಂಠ ಎದ್ದುಹೋಗಿ ಅವನಿಗೆ ತಿಳಿಸಿ ಹೇಳಿದ. ಶ್ರೀಕಂಠ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಮೈಸೂರು ಪೇಟೆಯಲ್ಲಿ. ಆದರೂ ಯಾರಾದರೂ ಯಾವೂರು ಎಂದರೆ ನಂಜನಗೂಡಿನ ಆಚೆಗಿರುವ ತಾತನ ಹಳ್ಳಿಯ ಹೆಸರನ್ನೇ ಹೇಳುತ್ತಿದ್ದ. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ. ಇರುವ ಜಾಗ ಬೇರೆ, ಊರು ಬೇರೆ. ಅದನ್ನೇ ಅವನು ವಿಕ್ತರನಿಗೂ ಹೇಳಿದ: "ನಿಮ್ ತಾತ ಎಲ್ಲಿಯವ್ರು? ಗ್ರ್ಯಾಂಡ್‌ಫಾದರ್? ಅದೇ ನೇಟಿವ್."

ವಿಕ್ತರ್ ಸ್ವಲ್ಪ ಹೊತ್ತು ಶ್ರೀಕಂಠನ ಮುಖವನ್ನೇ ನೋಡಿದ. ಆಮೇಲೆ ಬರೆದ: ಸರಾತೊವ್, ರಷ್ಯಾ.

ವರ್ಷ ತುಂಬಿ ಮೊದಲ ರಜೆ ಬಂದಾಗ ದೋಹಾ, ದುಬೈ, ಮಾಸ್ಕೋ, ಸರಾತೊವ್ ಎಂದು ಟಿಕೆಟು ಕೊಟ್ಟೆ. ಅದನ್ನು ಹಿಡಿದು ಮತ್ತೆ ಮೇಲೆ ಹತ್ತಿ ಬಂದ. ಹೆಂಡತಿ ರೋಜಾ, ಮಗಳು ಲೀನಾ ಇಬ್ಬರೂ ಕರಗಂದದಲ್ಲಿದ್ದಾರೆ, ಟಿಕೆಟನ್ನು ಅಲ್ಲಿಗೆ ಮಾಡಿಕೊಡಿ ಎಂದ.

"ನೀನೇ ಬರೆದದ್ದು ಸರಾತೊವ್ ಅಂತ. ಸಹಿ ಉಂಟು. ಇನ್ನು ಬದಲಾಯಿಸ್ಲಿಕ್ಕೆ ಆಗುದಿಲ್ಲ."

ಅವನು ಟಿಕೆಟು ತೆಗೆದುಕೊಂಡು ಹೋದ. ರಜೆ ಮುಗಿಸಿ ತಡವಾಗಿ ಬಂದ. ಯಾಕೆಂದು ಕೇಳಿದರೆ ರೈಲು ಎಂದ. ನಾನು ವಾರ್ನಿಂಗ್ ಲೆಟರು ಕೊಟ್ಟೆ, ಒಳಗೊಳಗೇ ಒಂದು ತೀರ್ಮಾನಕ್ಕೂ ಬಂದೆ. ಗಲ್ಫಿನಲ್ಲಿ ಕೂತು ಎರಡು ಊರಿನಲ್ಲಿ ಎರಡು ಸಂಸಾರ ಸಾಕಿದ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೆ. ಒಬ್ಬನ ಇಬ್ಬರು ಹೆಂಡಂದಿರೂ ಒಂದೇ ದಿನ ಆಫೀಸಿಗೆ ಕಾಗದ ಬರೆದದ್ದೂ ಉಂಟು. "ಸರಾತೊವಿನಲ್ಲಿ ಒಬ್ಬಳು, ಕರಗಂದದಲ್ಲಿ ಒಬ್ಬಳು. ನನ್ನ ಮಾತು ಬರೆದಿಟ್ಟುಕೊಳ್ಳಿ" ಎಂದು ಶ್ರೀಕಂಠನಿಗೆ ಹೇಳಿದೆ.

"ಹಸನಬ್ಬನವ್ರೇ, ನಿಮ್ಗೆ ನಿಮ್ ನೆರಳ್ ಮೇಲೂ ಅನುಮಾನ ಕಣ್ರೀ" ಎಂದ ಅವನು.

ಅನುಮಾನ ಬಂದ ಮೇಲೆ ಪರೀಕ್ಷಿಸದೆ ಬಿಡುವ ಜಾಯಮಾನ ನನ್ನದಲ್ಲ. ವಿಕ್ತರ್ ಸಂಬಳಕ್ಕೆಂದು ಬಂದಾಗಲೆಲ್ಲ ಚಹಾ ತರಿಸಿ ಕೂರಿಸಿಕೊಂಡು, ಊರಿನ ವಿಷಯ ಕೇಳಿದಂತೆ ಕೇಳಿ, ಹೋದ ಸಲದ ಮಾತಿಗೂ ಈ ಸಲದ ಮಾತಿಗೂ ತಾಳೆ ನೋಡುತ್ತಿದ್ದೆ. ಅವನು ಹೇಳುತ್ತಿದ್ದುದು ಕರಗಂದದ ತನ್ನ ಬೀದಿಯ ಕತೆ. ಮಹಾಯುದ್ಧದ ಕಾಲದಲ್ಲಿ ಅವನ ಅಜ್ಜನಂಥ ಜರ್ಮನರನ್ನು ಸರ್ಕಾರ ನಂಬದೆ ರೈಲಿಗೆ ತುಂಬಿ ತಂದು ಆ ಹುಲ್ಲುಬಯಲಿಗೆ ಎಸೆದಿತ್ತಂತೆ. ಹಾಗೆಯೇ ಎಸೆಯಲ್ಪಟ್ಟ ಚೆಚೆನ್ನರು, ಕೊರಿಯನ್ನರು ಅಲ್ಲಿದ್ದರು. ಕಲ್ಲಿದ್ದಲು ಗಣಿಯ ಕೆಲಸಕ್ಕೆ ಬಂದ ರಷ್ಯನ್ನರು, ಉಕ್ರೇನಿನವರು, ಮೊದಲಿನಿಂದ ಇದ್ದ ಕಝಾಕರು, ರೋಜಾಳಂಥ ತಾತಾರರೂ ಇದ್ದರು. ಒಂದೇ ನಲ್ಲಿಯಲ್ಲಿ ನೀರು ಹಿಡಿದು ಬದುಕಿದ ಬೀದಿ. ಈಗ ದೇಶ ಒಡೆದ ಮೇಲೆ ಅದು ಕರಗುತ್ತಿದೆ ಎಂದ. ಜರ್ಮನರು ಜರ್ಮನಿಗೆ, ರಷ್ಯನ್ನರು ರಷ್ಯಾಕ್ಕೆ. ಖಾಲಿಯಾದ ಮನೆಗಳಿಗೆ ಹಳ್ಳಿಯಿಂದ ಕಝಾಕರು ಬರುತ್ತಿದ್ದಾರೆ, ಮಂಗೋಲಿಯಾದಿಂದ ಬಂದ ಕಝಾಕರೂ ಇದ್ದಾರೆ, ಅವರಿಗೆ ರಷ್ಯನ್ ಬಾರದು, ಇವನಿಗೆ ಕಝಾಕ್ ಬಾರದು. ಪಕ್ಕದ ಮನೆಯ ಚೆಚೆನ್ ಮುದುಕ ತನ್ನ ನಾಡಿಗೆಂದು ಹೋಗಿ, ಅಲ್ಲಿ ಯುದ್ಧ ಹತ್ತಿಕೊಂಡು, ತಿರುಗಿ ಬಂದನಂತೆ.

"ಯಾರು ಓಡಿಸಿದ್ದು?" ಎಂದೆ. ಇಲ್ಲಿ ಸಿಕ್ಕಿಬೀಳುತ್ತಾನೆ ಎಂದುಕೊಂಡಿದ್ದೆ.

"ಯಾರೂ ಇಲ್ಲ" ಎಂದ. "ಹೊಸ ಜನ ಒಳ್ಳೆಯವರೇ. ಹಬ್ಬಕ್ಕೆ ಮಾಂಸ ಕೊಡ್ತಾರೆ. ಆದರೆ ಒಬ್ಬ ಹೋದ. ಅವನ ಪಕ್ಕದವ ರಾತ್ರಿ ಯೋಚನೆ ಮಾಡ್ತಾನೆ: ಅವನಿಗೆ ಏನು ಗೊತ್ತಿತ್ತು, ನನಗೆ ಗೊತ್ತಿಲ್ಲದ್ದು? ಅವನೂ ಹೋಗ್ತಾನೆ. ಈಗ ಯಾರಾದರೂ ಗೇಟಿಗೆ ಬಣ್ಣ ಹೊಡೆದರೆ ಬೀದಿಯೆಲ್ಲ ನಿಂತು ನೋಡ್ತದೆ. ಮನೆ ಮಾರುವವರೇ ಬಣ್ಣ ಹೊಡೆಯೋದು. ನನ್ನ ಗೇಟಿಗೆ ತುಕ್ಕು ಹಿಡಿದಿದೆ. ರೋಜಾ ಬಣ್ಣ ಹೊಡೆಯಲು ಬಿಡುವುದಿಲ್ಲ."

ಈ ಮಾತು ನನಗೆ ನಾಟಿತು. ಅನುಮಾನದ ವ್ಯಾಪಾರ ನನಗೆ ಚೆನ್ನಾಗಿ ಗೊತ್ತಲ್ಲ. ಒಂದು ಇಡೀ ಬೀದಿ ಹೀಗೆ ಒಬ್ಬರ ಮುಖ ಒಬ್ಬರು ನೋಡಿಯೇ ಖಾಲಿಯಾಗಬಹುದು ಎಂದು ಅನ್ನಿಸಿತು. ಆದರೂ ಸರಾತೊವಿನ ಹೆಂಗಸನ್ನು ನಾನು ಬಿಟ್ಟುಕೊಡಲಿಲ್ಲ.

ವಿಕ್ತರನ ಸಂಕಟ ಬೇರೆಯೇ ಇತ್ತು. ಅವನ ಅಣ್ಣ ಆಗಲೇ ಜರ್ಮನಿ ಸೇರಿ, ನೀನೂ ಹೆಂಡತಿ ಮಗಳನ್ನು ಕಟ್ಟಿಕೊಂಡು ಬಾ ಎಂದು ಫೋನು ಮಾಡುತ್ತಿದ್ದ. ರೋಜಾಳ ತಮ್ಮ ಕಝಾನ್ ಎಂಬ ಪಟ್ಟಣದಲ್ಲಿದ್ದ. ಅದು ರಷ್ಯಾದೊಳಗೇ ತಾತಾರರ ಸೀಮೆ. ಅವನು ನೀನು ಮಗುವನ್ನು ಕರೆದುಕೊಂಡು ಇಲ್ಲಿಗೆ ಬಾ, ಗಂಡ ಜರ್ಮನಿಗೆ ಹೋದ ಮೇಲೆ ನಿನ್ನನ್ನು ಯಾಕೆ ಕರೆಸಿಕೊಳ್ಳುತ್ತಾನೆ ಎಂದು ಅವಳ ಕಿವಿ ಊದುತ್ತಿದ್ದ. ರೋಜಾ ಎರಡಕ್ಕೂ ಒಪ್ಪದೆ, ಎರಡನ್ನೂ ಬಿಡದೆ ಕರಗಂದದ ಮನೆಯಲ್ಲಿ ಕೂತಿದ್ದಳು. ಇಡೀ ಸಂಸಾರ ಒಟ್ಟಿಗೆ ಒಂದು ಕಡೆ ನಿಲ್ಲುವುದೋ, ಗಂಡ ಒಂದು ದೇಶ ಹೆಂಡತಿ ಒಂದು ದೇಶ ಆಗುವುದೋ ಎಂಬುದು ಅವಳು ಇವನನ್ನು ನಂಬುವುದರ ಮೇಲೆ ನಿಂತಿತ್ತು.

ಎರಡನೆಯ ರಜೆಗೂ ನಾನು ಸರಾತೊವಿನ ಟಿಕೆಟನ್ನೇ ಕೊಟ್ಟೆ. ಅದು ನಿಯಮ.

ಅವನು ವಾಪಸು ಬಂದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಆಫೀಸಿನ ಫೋನು ಬಂತು. ನಾನು ಲೇಬರ್ ಆಫೀಸಿಗೆ ಹೋಗಿದ್ದೆ. ಅತ್ತಲಿಂದ ಒಬ್ಬ ಹೆಂಗಸು ವಿಕ್ತರ್ ಎಂದಳಂತೆ, ಸರಾತೊವ್ ಎಂದಳಂತೆ. ಶ್ರೀಕಂಠನದು ಯಾರಿಗಾದರೂ ಉಪಕಾರ ಮಾಡಿಬಿಡುವ ಸ್ವಭಾವ. "ಯೆಸ್ ಯೆಸ್ ಮೇಡಂ, ಸರಾತೊವ್! ಎವ್ರಿ ಇಯರ್ ಸರಾತೊವ್! ಹಿಸ್ ನೇಟಿವ್!" ಎಂದು ಜೋರಾಗಿ, ಸ್ಪಷ್ಟವಾಗಿ ಹೇಳಿದನಂತೆ. ಫೋನು ಕಟ್ಟಾಯಿತು. "ಪಾಪ, ಗಂಡನ್ ಊರು ಮರ್ತಿದ್ರು ಅನ್ಸುತ್ತೆ" ಎಂದು ನನಗೆ ವರದಿ ಒಪ್ಪಿಸಿದ. ನಾನು ಒಂದು ವರ್ಷದಿಂದ ಮನಸ್ಸಿನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಅವಳೂ ಕೇಳುತ್ತಿದ್ದಳು.

ಒಂದು ತಿಂಗಳು ಕಳೆದು ವಿಕ್ತರ್ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಬಂದ. ಮನೆಗೆ ಫೋನು ಮಾಡಿದರೆ ಯಾರೋ ಗಂಡಸು ಎತ್ತಿದನಂತೆ, ಕಝಾಕ್ ಭಾಷೆಯಲ್ಲಿ ಮಾತಾಡಿದನಂತೆ. ಅವನ ಮಗನೊಬ್ಬ ರಷ್ಯನ್ನಿನಲ್ಲಿ ತಿಳಿಸಿ ಹೇಳಿದನಂತೆ: ಈ ಮನೆ ನಾವು ಕೊಂಡಾಯಿತು, ಆಕೆ ಮಗಳ ಜೊತೆ ಕಝಾನಿಗೆ ಹೋದಳು. ಗೇಟಿಗೆ ಹಸಿರು ಬಣ್ಣ ಹೊಡೆದೇ ಕೊಟ್ಟು ಹೋದಳಂತೆ.

"ನನ್ನ ಹೆಂಡತಿಗೆ ಏನು ಹೇಳಿದಿರಿ?" ಎಂದು ನನ್ನ ಮೇಜು ಗುದ್ದಿದ. ಕಝಾನಿನಲ್ಲಿ ಅವಳ ತಮ್ಮನ ಮನೆಗೆ ಫೋನು ಮಾಡಿದರೆ, ಸರಾತೊವಿನ ವಿಷಯ ನಿನ್ನ ಕಂಪನಿಯವರೇ ಹೇಳಿದರು ಎಂದು ತಮ್ಮ ಇಟ್ಟುಬಿಟ್ಟನಂತೆ, ಆಮೇಲೆ ಇವನ ದನಿ ಕೇಳಿದೊಡನೆ ಇಡುತ್ತಾರೆ. ಹೋದ ರಜೆಯಲ್ಲಿ ರೋಜಾಗೆ ಇವನ ಕೋಟಿನಲ್ಲಿ ಸರಾತೊವಿನ ಟಿಕೆಟು ಸಿಕ್ಕಿತ್ತಂತೆ.

ನಾನೂ ಬಿಡಲಿಲ್ಲ. "ಹೇಳಿದ್ದು ನಿಜವೇ ಅಲ್ವಾ? ಸರಾತೊವಿನಲ್ಲಿ ನಿಂಗೆ ಯಾರುಂಟು? ಹೇಳು ನೋಡುವ."

"ಅಲ್ಲಿ ಯಾರೂ ಇಲ್ಲ!" ಎಂದು ಕಿರುಚಿದ. "ನೀವೇ ಕೇಳಿದ್ದು! ಇವರು ಕೇಳಿದ್ದು! ದೆದುಷ್ಕಾ! ದೆದುಷ್ಕಾ ಎಲ್ಲಿಯವನು ಅಂತ!"

ದೆದುಷ್ಕಾ ಎಂದರೆ ಅವರ ಭಾಷೆಯಲ್ಲಿ ಅಜ್ಜ. "ಅಯ್ಯೋ ಶಿವನೇ, ನಾನೇ ಹೇಳ್ಬುಟ್ಟೆ ಕಣ್ರೀ, ತಾತನ್ ಊರೇ ನೇಟಿವ್ ಅಂತ" ಎಂದು ಶ್ರೀಕಂಠ ಕುರ್ಚಿಗೆ ಕುಸಿದ.

ಆಮೇಲೆ ವಿಕ್ತರ್ ನಿಧಾನಕ್ಕೆ ಹೇಳಿದ. ಸರಾತೊವಿನ ಹತ್ತಿರ, ವೋಲ್ಗಾ ನದಿಯ ಆಚೆ ದಡದಲ್ಲಿ ಅಜ್ಜನ ಹಳ್ಳಿ, ಇನ್ನೂರು ಚಿಲ್ಲರೆ ವರ್ಷದ ಹಿಂದೆ ಜರ್ಮನಿಯಿಂದ ಬಂದವರು ಕಟ್ಟಿಕೊಂಡ ಊರು. ಅಜ್ಜ ಅದರ ವಿಷಯ ಮನೆಯಲ್ಲಿ ಮಾತಾಡಿದವನೇ ಅಲ್ಲ. ಯಾರೂ ಕೇಳಿದ್ದೂ ಇಲ್ಲ. ಕೇಳಿದ ಮೊದಲ ಮನುಷ್ಯ ದೋಹಾದ ಶ್ರೀಕಂಠ. ಟಿಕೆಟು ಹೇಗೂ ಅಲ್ಲಿಯವರೆಗೆ ಇದೆಯಲ್ಲ ಎಂದು ಮೊದಲ ರಜೆಯಲ್ಲಿ ಬಸ್ಸು ಹಿಡಿದು ಆ ಹಳ್ಳಿಗೆ ಹೋದ. ಒಬ್ಬ ಜರ್ಮನನೂ ಇರಲಿಲ್ಲ. ಒಂದು ಮನೆಯ ಹೆಂಗಸು ಕುಡಿಯಲು ಹಾಲು ಕೊಟ್ಟಳು. ಇವನ ಜರ್ಮನ್ ಮನೆತನದ ಹೆಸರು ಕೇಳಿದ ಮೇಲೆ ಬಾಗಿಲಿಗೆ ಅಡ್ಡ ನಿಂತು, "ಮನೆ ವಾಪಸು ಕೇಳಲು ಬಂದೆಯಾ?" ಎಂದಳು. ಇಲ್ಲ ಎಂದರೂ ನಂಬಲಿಲ್ಲ. ಅಲ್ಲಿಂದ ರೈಲು ಹಿಡಿದು ಕರಗಂದ. ರೋಜಾಗೆ ಮಾಸ್ಕೋದಲ್ಲಿ ವಿಮಾನ ತಡವಾಯಿತು ಎಂದು ಸುಳ್ಳು ಹೇಳಿದ. ಬೀದಿಯೇ ಖಾಲಿಯಾಗುತ್ತಿರುವಾಗ, ನಮ್ಮನ್ನು ಬಿಟ್ಟು ಸತ್ತವರ ಮನೆ ನೋಡಲು ಹೋದೆಯಾ ಎಂದು ಅವಳು ಕೇಳಬಹುದೆಂಬ ಹೆದರಿಕೆ.

ಕತೆ ತಾಳೆಯಾಯಿತು. ಆದರೂ ನನ್ನ ಮನಸ್ಸಿನ ಒಂದು ಮೂಲೆ, ಎರಡು ವರ್ಷ ಸಮಯ ಸಿಕ್ಕಿದರೆ ಯಾರೂ ಇಂಥದ್ದನ್ನು ಕಟ್ಟಬಹುದು ಎಂದು ಪಿಸುಗುಟ್ಟುತ್ತಲೇ ಇತ್ತು.

ಅವನು ಕೆಲಸ ಬಿಟ್ಟು ಕಝಾನಿಗೆ ಹೋಗುತ್ತೇನೆ ಎಂದ. ಜರ್ಮನಿಗೆ ಹೋಗಲು ಅವನ ಅಣ್ಣ ಕಳಿಸಿದ ಕಾಗದಪತ್ರದ ಗಡುವು ಹತ್ತಿರ ಬಂದಿತ್ತು. "ಜರ್ಮನಿ?" ಎಂದು ಕೇಳಿದೆ. "ರೋಜಾ ಇಲ್ಲದೆ ಜರ್ಮನಿ ಮಾಫಿ" ಎಂದ. ಆದರೆ ಕೆಲಸ ಬಿಟ್ಟವನ ಟಿಕೆಟೂ ನೇಟಿವ್‌ಗೇ ಹೋಗಬೇಕು. ನಾನು ಅಬು ಸಾಮಿಯವರ ಕೋಣೆಗೆ ಹೋಗಿ ವಿಷಯವನ್ನೆಲ್ಲ ಹೇಳಿದೆ.

ಅವರು ಸಿಗರೇಟಿನ ಬೂದಿ ಕೊಡವಿದರು. "ಯಾ ಹಸನ್, ನಿಯಮ ನಾನೇ ಮಾಡಿದ್ದು, ಇಷ್ಟು ವರ್ಷ ಸಹಿಯೂ ಹಾಕಿದ್ದೇನೆ. ಈ ನೇಟಿವ್ ಅಂದರೆ ಏನು?"

"ಅಜ್ಜನ ಊರು ಸಾರ್. ನಮ್ಮ ಕಡೆ ಹಾಗೆ."

"ನನ್ನ ಅಜ್ಜ ಹೈಫಾದವನು. ಯಲ್ಲಾ, ನನಗೊಂದು ಹೈಫಾದ ಟಿಕೆಟು ಮಾಡಿಕೊಡು."

ಹೈಫಾ ಈಗ ಇಸ್ರೇಲಿನಲ್ಲಿದೆ, ಅವರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಇಷ್ಟು ವರ್ಷ ಆ ಮನುಷ್ಯ ರಜೆಗೆ ಅಮ್ಮಾನಿನ ಟಿಕೆಟು ತೆಗೆದುಕೊಂಡು ಹೋಗಿ ಬಂದಿದ್ದರು. ನಾನು ಒಂದು ದಿನವೂ ಏನನ್ನೂ ಕೇಳಿರಲಿಲ್ಲ.

"ಖಲಾಸ್" ಎಂದರು. "ಆ ಕಾಲಮ್ಮು ತೆಗೆದುಹಾಕು. ಹೆಂಡತಿ ಮಕ್ಕಳು ಎಲ್ಲಿದ್ದಾರೆ ಅಂತ ಕೇಳು. ಅಲ್ಲಿಗೆ ಟಿಕೆಟು ಕೊಡು."

"ಹೆಂಡತಿ ಕಝಾನಿನಲ್ಲಿ ಇದ್ದಾಳೆ ಅನ್ನುವುದಕ್ಕೆ ಪುರಾವೆ ಸಾರ್?" ಎಂದು ನನ್ನ ಬಾಯಿ ಕೇಳಿಯೇಬಿಟ್ಟಿತು. ಕಲಿತ ಗುಣವೂ ಸುಟ್ಟರೆ ಹೋಗದು.

"ಅವನು ಅಲ್ಲಿಗೆ ಹೋಗಿ ತರಲಿ" ಎಂದು ಸಹಿ ಹಾಕಿದರು.

ವಿಕ್ತರ್ ಹೊರಟುಹೋದ. ಕಂಪನಿಗೆ ಕಂಪ್ಯೂಟರು ಬಂದಿದ್ದ ಹೊಸತು. ಹಳೆಯ ಕಾಲಮ್ಮುಗಳನ್ನು ಅದರೊಳಕ್ಕೆ ತುಂಬುವಾಗ ನೇಟಿವ್ ಎಂಬುದನ್ನು ಕೈಬಿಟ್ಟೆವು. ಶ್ರೀಕಂಠ ಹಲವು ದಿನ ಫೋನು ಎತ್ತಲೇ ಹೆದರುತ್ತಿದ್ದ. ಹಾಗಾಗಿ ಆ ದಿನ ಮಧ್ಯಾಹ್ನ, ನಮಾಜಿನ ಬಾಂಗಿಗೆ ಸ್ವಲ್ಪ ಮೊದಲು ಫೋನು ಹೊಡೆದುಕೊಂಡಾಗ ಎತ್ತಿದ್ದು ನಾನು. ಗೊರಗೊರ ಸದ್ದಿನ ಆಚೆ ಒಂದು ಹೆಣ್ಣುದನಿ.

"ಕಂಪನಿ?"

"ಯೆಸ್, ಕಂಪನಿ."

"ರೋಜಾ" ಎಂದಳು. "ವಿಕ್ತರ್... ಸರಾತೊವ್... ದೆದುಷ್ಕಾ?" ಒಂದೊಂದು ಮಾತಿನ ನಡುವೆಯೂ ಉಸಿರು. ಪೊಲೀಸರು ಸಾಕ್ಷಿಯನ್ನು ಕೇಳುವಂತೆ ಕೇಳುತ್ತಿದ್ದಳು. ನಾನು ಎಷ್ಟೋ ಜನರನ್ನು ಹಾಗೆಯೇ ಕೇಳಿದವನು, ಆ ದನಿಯ ಪರಿಚಯ ನನಗಿತ್ತು.

"ಯೆಸ್. ದೆದುಷ್ಕಾ. ಸರಾತೊವ್ ದೆದುಷ್ಕಾ" ಎಂದೆ.

"ವುಮನ್?"

ನನಗೇನು ಗೊತ್ತು! ನಾನು ಸರಾತೊವ್ ನೋಡಿದವನೇ? ವಿಕ್ತರ್ ಹೇಳಿದ್ದು ಬಿಟ್ಟರೆ ನನ್ನ ಹತ್ತಿರ ಏನಿತ್ತು? ಸಾಕ್ಷಿ ಇಲ್ಲದೆ ಒಂದು ದಿನದ ರಜೆಯನ್ನೂ ಕೊಟ್ಟವನಲ್ಲ ನಾನು, ಯಾರ ಪರವಾಗಿಯೂ ಆಣೆ ಇಟ್ಟವನಲ್ಲ. ಆಚೆ ಅವಳು ಕಾಯುತ್ತಿದ್ದಳು.

"ಮಾಫಿ ವುಮನ್" ಎಂದೆ. ಅದು ಅವಳಿಗೆ ಅರ್ಥವಾಗಲಿಲ್ಲವೆಂದು ತೋರಿತು. ಆಗ ಹೇಳಿದೆ: "ನೋ ವುಮನ್. ವಲ್ಲಾಹಿ."

ಅಲ್ಲಾಹನ ಆಣೆ ಎಂಬ ಆ ಮಾತು, ತಾತಾರರ ಮುಸಲ್ಮಾನ ಮನೆಯಲ್ಲಿ ಬೆಳೆದ ಅವಳಿಗೆ ತಿಳಿದಿತ್ತು. "ವಲ್ಲಾಹಿ?" ಎಂದು ಮೆಲ್ಲಗೆ ತಿರುಗಿ ಕೇಳಿದಳು. "ವಲ್ಲಾಹಿ" ಎಂದೆ ಮತ್ತೊಮ್ಮೆ.

ಅವಳು ಫೋನನ್ನು ಇಡಲಿಲ್ಲ, ಪಕ್ಕಕ್ಕೆ ಹಾಕಿದ ಸದ್ದಾಯಿತು. ಹೆಜ್ಜೆ ಸದ್ದು ದೂರ ಹೋಯಿತು. ಆಮೇಲೆ ಕಬ್ಬಿಣದ ಚಿಲಕ ಎಳೆದದ್ದು, ಬಾಗಿಲು ತೆರೆದದ್ದು, ಹೊರಗೆ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ನಿಂತಿದ್ದ ವಿಕ್ತರನ ದನಿ ಒಳಗೆ ಬಂದದ್ದು ನನಗೆ ಕೇಳಿಸಿತು.